ಪ್ಲೇಟ್‌ಗಳ ನಡುವೆ ತೂಗುವ ಗುಂಡು: ಓರೆ ಅಳೆದು ಚಾರ್ಜ್ ಕಂಡುಹಿಡಿಯುವ ಬಗೆ

ದ್ವಿತೀಯ ಪಿಯುಸಿಯಲ್ಲಿ ಸ್ಥಿರ ವಿದ್ಯುತ್ ಓದಿದವರಿಗೆ ಈ ಲೆಕ್ಕ ಪರಿಚಿತ. ಎದುರುಬದುರು ನಿಂತ ಎರಡು ಲೋಹದ ಪ್ಲೇಟ್, ನಡುವೆ ದಾರದಲ್ಲಿ ತೂಗುವ ಚಾರ್ಜ್ ಆದ ಗುಂಡು. ತೂಕ ಕೆಳಕ್ಕೆ, ವಿದ್ಯುತ್ ಬಲ ಅಡ್ಡಕ್ಕೆ, ದಾರದ ಎಳೆತ ಓರೆಯಾಗಿ ಮೇಲಕ್ಕೆ. ವಿದ್ಯುತ್ ಬಲವನ್ನು ತೂಕದಿಂದ ಭಾಗಿಸಿದರೆ ಓರೆಕೋನದ ಟ್ಯಾನ್ ಬೆಲೆ ಸಿಗುತ್ತದೆ. ಕಾಗದದ ಮೇಲೆ ಇಷ್ಟೇ. ಮೇಜಿನ ಮೇಲೆ ಇನ್ನೆರಡು ಬಲಗಳು ನುಸುಳುತ್ತವೆ: ದಾರದ್ದೇ ತೂಕ, ಮತ್ತು ಗುಂಡು ತನ್ನ ಚಾರ್ಜಿನಿಂದ ಹತ್ತಿರದ ಪ್ಲೇಟಿನಲ್ಲಿ ಎಬ್ಬಿಸುವ ಸೆಳೆತ. ಇವುಗಳ ಲೆಕ್ಕ ಇಡದಿದ್ದರೆ ಉತ್ತರ ಶೇಕಡಾ ಹತ್ತು ಹದಿನೈದರಷ್ಟು ತಪ್ಪಬಹುದು. ಈ ಪ್ರಯೋಗದ ಸತ್ವ ಇರುವುದೇ ಅವೆರಡನ್ನು ಹಿಡಿಯುವುದರಲ್ಲಿ.

ಮೊದಲು ಸುರಕ್ಷತೆ

ಕಾಲೇಜು ಲ್ಯಾಬಿನ 0–5 ಕಿಲೋವೋಲ್ಟ್ ಇ.ಎಚ್.ಟಿ. (ಅತಿ ಹೆಚ್ಚು ವೋಲ್ಟೇಜಿನ) ಸಪ್ಲೈ ಬೇಕು. ಅದರ ಒಳಗೆ ಸರಣಿಯಲ್ಲಿ 50 ಮೆಗಾಓಮ್ ರೆಸಿಸ್ಟರ್ ಇದ್ದರೆ, 5 ಕಿಲೋವೋಲ್ಟ್‌ನಲ್ಲಿ ಶಾರ್ಟ್ ಆದರೂ ಹರಿಯುವುದು 0.1 ಮಿಲಿಆಂಪಿಯರ್ ಮಾತ್ರ. ಹಳೆಯ ಟಿ.ವಿ.ಯ ಫ್ಲೈಬ್ಯಾಕ್, ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್, ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಇವುಗಳನ್ನು ಮುಟ್ಟಲೇಬೇಡಿ, ಅವು ಜೀವ ತೆಗೆಯುತ್ತವೆ. ಪ್ಲೇಟ್‌ಗಳಿಗೆ ಹೊರಗಿನಿಂದ ಬೇರೆ ಕೆಪಾಸಿಟರ್ ಜೋಡಿಸುವುದೂ ಬೇಡ. ಸಪ್ಲೈಯ ಒಂದು ತುದಿ ಅರ್ಥ್ ಆಗಿರಲಿ.

ವೋಲ್ಟೇಜನ್ನು ಸಪ್ಲೈಯ ಮೀಟರಿನಲ್ಲೇ ಓದಿ. ಮಾಮೂಲಿ ಮಲ್ಟಿಮೀಟರ್ ಇಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ, ಸಾಲದ್ದಕ್ಕೆ ಅದರ ಓದೂ ಸುಳ್ಳಾಗುತ್ತದೆ. ಅದರ ಒಳರೋಧ 10 ಮೆಗಾಓಮ್ ಆದರೆ, 50 ಮೆಗಾಓಮ್ ಜೊತೆ ಸೇರಿ ವೋಲ್ಟೇಜ್ ಆರನೇ ಒಂದಕ್ಕೆ ಕುಸಿಯುತ್ತದೆ.

ಗುಂಡು ಮತ್ತು ದಾರ

1 ಸೆಂಟಿಮೀಟರ್ ವ್ಯಾಸದ ಥರ್ಮೋಕೋಲ್ ಗುಂಡು ಸಾಕು. ಟೇಬಲ್ ಟೆನಿಸ್ ಚೆಂಡು ಹಲವರಿಗೆ ಮೊದಲು ಹೊಳೆಯುತ್ತದೆ, ಆದರೆ ಅದರ ತೂಕ 2.7 ಗ್ರಾಂ, ವ್ಯಾಸ 4 ಸೆಂಟಿಮೀಟರ್. ಅಷ್ಟು ಭಾರಕ್ಕೆ ಓರೆ ಕಣ್ಣಿಗೆ ಕಾಣುವುದೇ ಕಷ್ಟ, ಪ್ಲೇಟ್‌ಗಳ ನಡುವಿನ ಜಾಗವನ್ನೂ ಅದೇ ನುಂಗಿಬಿಡುತ್ತದೆ.

ಥರ್ಮೋಕೋಲಿನ ಮೈ ವಿದ್ಯುತ್ ಹರಿಯುವಂತಾಗಬೇಕು. ನೀರು ಬೆರೆಸಿ ತೆಳುವಾಗಿಸಿದ ಫೆವಿಕಾಲ್ ಸವರಿ, ಆರುವ ಮುನ್ನ ಗ್ರಾಫೈಟ್ ಪುಡಿಯಲ್ಲಿ ಹೊರಳಿಸಿ. ಒಣಗಿದ ಮೇಲೆ ಬೆರಳಿನಿಂದ ತಿಕ್ಕಿದರೆ ಪೆನ್ಸಿಲ್ ಗೆರೆಯಂತೆ ಹೊಳೆಯಬೇಕು. ಥಿನ್ನರ್ ಇರುವ ಬಣ್ಣ, ಅಸಿಟೋನ್ ತಾಗಿದರೆ ಥರ್ಮೋಕೋಲ್ ಕರಗಿ ಕುಗ್ಗುತ್ತದೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಬಹುದು, ಆದರೆ ಸುಕ್ಕಿನ ಚೂಪು ತುದಿಗಳಿಂದ ಚಾರ್ಜ್ ಗಾಳಿಗೆ ಸೋರುತ್ತದೆ.

ಇಂಥ ಗುಂಡು ಸುಮಾರು 30 ಮಿಲಿಗ್ರಾಂ ತೂಗುತ್ತದೆ. ಚಿನ್ನ ತೂಗುವ, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದನ್ನೇ ಇಟ್ಟರೆ ನಂಬುವಂಥ ಓದು ಸಿಗದು. ಒಂದೇ ಬಗೆಯ ಹತ್ತು ಗುಂಡು ಮಾಡಿ, ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ.

ಹತ್ತಿ ದಾರ ತೇವ ಹೀರಿ ಚಾರ್ಜನ್ನು ಸೋರಿಸುತ್ತದೆ, ಅದು ಬೇಡ. 0.1 ಮಿಲಿಮೀಟರ್ ದಪ್ಪದ ನೈಲಾನ್ ತಂಗೂಸಿ ಸೋರುವುದು ಕಡಿಮೆ, ಆದರೆ ಒಂದು ಮೀಟರಿಗೆ ಸುಮಾರು 9 ಮಿಲಿಗ್ರಾಂ ಭಾರ. ಶಿಡ್ಲಘಟ್ಟ, ರಾಮನಗರದ ಕಡೆ ಬಿಚ್ಚಾಣಿಕೆಯಾಗುವ 20 ಡೆನಿಯರ್ (ಅಂದರೆ 9,000 ಮೀಟರಿಗೆ 20 ಗ್ರಾಂ ತೂಗುವ) ಕಚ್ಚಾ ರೇಷ್ಮೆ ಎಳೆ ಮೀಟರಿಗೆ 2.2 ಮಿಲಿಗ್ರಾಂ ಮಾತ್ರ, ಒಣ ಹವೆಯಲ್ಲಿ ಅದೇ ಉತ್ತಮ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಭಾರವಾದರೂ ನೈಲಾನೇ ಸರಿ.

ಲೆಕ್ಕದಲ್ಲಿ ದಾರದ ತೂಕದ ಅರ್ಧವನ್ನು ಗುಂಡಿಗೆ ಸೇರಿಸಬೇಕು. ದಾರದ ಭಾರ ಅದರ ನಡುಮಧ್ಯದಲ್ಲಿ ಎಳೆಯುವುದರಿಂದ ಹಾಗೆ. ಇಲ್ಲಿ ಬೇಕಾಗುವ ಸುಮಾರು ಒಂದು ಮೀಟರ್ ದಾರಕ್ಕೆ, ರೇಷ್ಮೆಯಾದರೆ ಒಟ್ಟು 31 ಮಿಲಿಗ್ರಾಂ, ನೈಲಾನ್ ಆದರೆ 34.5.

ಜೋಡಣೆ

30 × 30 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ತಗಡುಗಳ ಅಂಚನ್ನು ಉಜ್ಜುಕಾಗದದಿಂದ ನುಣುಪು ಮಾಡಿ. ಅಕ್ರಿಲಿಕ್ ಕಾಲುಗಳ ಮೇಲೆ 10 ಸೆಂಟಿಮೀಟರ್ ಅಂತರದಲ್ಲಿ ನೆಟ್ಟಗೆ ನಿಲ್ಲಿಸಿ. ಸುಮಾರು ಒಂದು ಮೀಟರ್ ಎಳೆಯನ್ನು ಇಂಗ್ಲಿಷಿನ ವಿ ಆಕಾರದಲ್ಲಿ ಕಟ್ಟಿ, ಎರಡು ಮೇಲ್ತುದಿಗಳು ಪ್ಲೇಟಿಗೆ ಸಮಾಂತರವಾದ ಮರದ ಪಟ್ಟಿಯಲ್ಲಿರಲಿ. ಆಗ ಗುಂಡು ಪ್ಲೇಟಿನಿಂದ ಪ್ಲೇಟಿಗೆ ಮಾತ್ರ ತೂಗುತ್ತದೆ, ಸುತ್ತಾಡುವುದಿಲ್ಲ. ಪಟ್ಟಿಯಿಂದ ಗುಂಡಿನ ನಡುವಿಗೆ ನೇರ ಎತ್ತರ 50 ಸೆಂಟಿಮೀಟರ್.

ಸರಿದ ದೂರವನ್ನು ಸ್ಕೇಲ್ ಹಿಡಿದು ಅಳೆಯಬೇಡಿ. ಪ್ಲಾಸ್ಟಿಕ್ ಸ್ಕೇಲಿನ ಚಾರ್ಜಿಗೇ ಗುಂಡು ಓಲಾಡುತ್ತದೆ. ಪ್ಲೇಟ್‌ಗಳ ನಡುವಿನ ಸಂದಿಯ ಒಂದು ತೆರೆದ ಬದಿಯಲ್ಲಿ, ಗುಂಡಿನಿಂದ 1 ಮೀಟರ್ ದೂರದಲ್ಲಿ ಸಣ್ಣ ಎಲ್‌ಇಡಿ, ಇನ್ನೊಂದು ಬದಿಯಲ್ಲಿ ಅಷ್ಟೇ ದೂರದಲ್ಲಿ ಗ್ರಾಫ್ ಹಾಳೆ ಇಟ್ಟರೆ, ನೆರಳು ಎರಡು ಪಟ್ಟು ಸರಿಯುತ್ತದೆ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ.

ಚಾರ್ಜ್ ಕೊಟ್ಟು ಓದುವುದು

ಮೊದಲು ಚಾರ್ಜ್ ಇಲ್ಲದ ಗುಂಡನ್ನು ನಟ್ಟನಡುವೆ ತೂಗಿಬಿಟ್ಟು ಪ್ಲೇಟ್‌ಗಳಿಗೆ 2 ಕಿಲೋವೋಲ್ಟ್ ಕೊಡಿ. ಅದು ಅಲುಗಬಾರದು. ಗುಂಡಿನ ಎರಡು ಮಗ್ಗುಲಲ್ಲಿ ಎದುರುಬದುರು ಚಾರ್ಜ್ ಎದ್ದರೂ, ಪ್ಲೇಟ್‌ಗಳ ನಡುವಿನ ವಿದ್ಯುತ್ ಕ್ಷೇತ್ರ ಎಲ್ಲೆಡೆ ಒಂದೇ ಇದ್ದಾಗ ಎರಡೂ ಎಳೆತ ಸಮವಾಗುತ್ತದೆ. ಒಂದು ಕಡೆ ವಾಲಿದರೆ ಗುಂಡು ನಡುವಿನಲ್ಲಿಲ್ಲ, ಇಲ್ಲವೇ ಪ್ಲೇಟ್‌ಗಳು ಸಮಾಂತರವಾಗಿಲ್ಲ.

ಈಗ ಸಪ್ಲೈ ಸೊನ್ನೆಗೆ ತಂದು, ಎರಡೂ ಪ್ಲೇಟನ್ನು ಅರ್ಥ್‌ಗೆ ಸೇರಿಸಿ. ಸಪ್ಲೈಯ ಪಾಸಿಟಿವ್ ತಂತಿಯನ್ನು ಅಕ್ರಿಲಿಕ್ ಕಡ್ಡಿಗೆ ಕಟ್ಟಿ, 1 ಕಿಲೋವೋಲ್ಟ್ ಇಟ್ಟು, ತುದಿಯನ್ನು ಗುಂಡಿಗೆ ಮುಟ್ಟಿಸಿ ತೆಗೆಯಿರಿ. 5 ಮಿಲಿಮೀಟರ್ ತ್ರಿಜ್ಯದ ಗೋಳದ ಧಾರಕತೆ (ಒಂದು ವೋಲ್ಟಿಗೆ ಹಿಡಿಯುವ ಚಾರ್ಜ್) 0.56 ಪಿಕೋಫ್ಯಾರಡ್, ಆದ್ದರಿಂದ 0.56 ನ್ಯಾನೋಕೂಲಂ ಆಸುಪಾಸು ನಿರೀಕ್ಷಿಸಿ. ತಂತಿಯ ತುದಿ ಪಕ್ಕದಲ್ಲೇ ಇರುವುದರಿಂದ ಇದು ಅಂದಾಜು ಮಾತ್ರ, ನಿಜವಾದ ಬೆಲೆಯನ್ನು ಓರೆಯೇ ಹೇಳಬೇಕು. ಪ್ಲೇಟಿಗೇ ಗುಂಡನ್ನು ತಾಗಿಸಿ ಚಾರ್ಜ್ ಮಾಡಲು ಹೋದರೆ ಅದು ಎದುರಿನ ಪ್ಲೇಟಿಗೆ ಹಾರಿ, ಅಲ್ಲಿ ಚಾರ್ಜ್ ಬದಲಿಸಿಕೊಂಡು ಮರಳಿ, ಟಕಟಕ ಬಡಿಯುತ್ತಲೇ ಇರುತ್ತದೆ. ನೋಡಲು ಚೆಂದ, ಅಳೆಯಲು ಬಾರದು.

ಪ್ಲೇಟ್‌ಗಳ ಅರ್ಥ್ ತಂತಿ ಬಿಡಿಸಿ, ಒಂದನ್ನು ಸಪ್ಲೈಗೆ, ಇನ್ನೊಂದನ್ನು ಅರ್ಥ್‌ಗೆ ಜೋಡಿಸಿ 2 ಕಿಲೋವೋಲ್ಟ್‌ಗೆ ಏರಿಸಿ. 10 ಸೆಂಟಿಮೀಟರಿಗೆ ಕ್ಷೇತ್ರ ಮೀಟರಿಗೆ 20,000 ವೋಲ್ಟ್. ಗುಂಡು 1.9 ಸೆಂಟಿಮೀಟರ್ ಸರಿದು ನಿಂತಿತು ಎನ್ನಿ. 1.9 ÷ 50 = 0.038, ಇದೇ ಓರೆಕೋನದ ಟ್ಯಾನ್. ರೇಷ್ಮೆ ಸೇರಿ 31 ಮಿಲಿಗ್ರಾಂ ಎಂದರೆ 304 ಮೈಕ್ರೋನ್ಯೂಟನ್ ತೂಕ, ಅಡ್ಡಬಲ 11.5 ಮೈಕ್ರೋನ್ಯೂಟನ್. ಕ್ಷೇತ್ರದಿಂದ ಭಾಗಿಸಿದರೆ 0.58 ನ್ಯಾನೋಕೂಲಂ.

ಇನ್ನು ಬಿಟ್ಟುಹೋದ ಸೆಳೆತ. ಗುಂಡು ಈಗ ಒಂದು ಪ್ಲೇಟಿಗೆ 3.1, ಇನ್ನೊಂದಕ್ಕೆ 6.9 ಸೆಂಟಿಮೀಟರ್ ದೂರದಲ್ಲಿದೆ. ಕನ್ನಡಿಯ ಬಿಂಬದಂತೆ ಪ್ಲೇಟಿನ ಹಿಂದೆ ಅಷ್ಟೇ ದೂರದಲ್ಲಿ ವಿರುದ್ಧ ಚಾರ್ಜ್ ಇದೆ ಎಂದುಕೊಂಡು, 6.2 ಮತ್ತು 13.8 ಸೆಂಟಿಮೀಟರಿಗೆ ಕೂಲಂಬ್ ನಿಯಮ ಹಾಕಿದರೆ, ಹತ್ತಿರದ ಪ್ಲೇಟಿನ ಕಡೆಗೆ ನಿವ್ವಳ 0.6 ಮೈಕ್ರೋನ್ಯೂಟನ್ ಸಿಗುತ್ತದೆ. ಒಟ್ಟು ಬಲದಲ್ಲಿ ಇದು ಶೇಕಡಾ 5. ಇದನ್ನು ಕಳೆದರೆ ಚಾರ್ಜ್ 0.55 ನ್ಯಾನೋಕೂಲಂ.

ಪ್ಲೇಟ್‌ಗಳ ತಂತಿಗಳನ್ನು ಅದಲುಬದಲು ಮಾಡಿ ಇನ್ನೊಂದು ಕಡೆಯ ಸರಿತವನ್ನೂ ಓದಿ, ಎರಡರ ಸರಾಸರಿ ತೆಗೆದುಕೊಳ್ಳಿ. 0.5 ಕಿಲೋವೋಲ್ಟ್ ಹೆಜ್ಜೆಗಳಲ್ಲಿ ಏರಿಸಿ ಗ್ರಾಫ್ ಬರೆದರೆ 2 ಕಿಲೋವೋಲ್ಟ್‌ವರೆಗೆ ಹೆಚ್ಚುಕಡಿಮೆ ನೇರ ಗೆರೆ, 3ರ ಹೊತ್ತಿಗೆ ಮೇಲಕ್ಕೆ ಬಾಗುತ್ತದೆ, 4ರ ಸುಮಾರಿಗೆ ಗುಂಡು ಪ್ಲೇಟಿಗೆ ಹೊಡೆದುಕೊಳ್ಳುತ್ತದೆ. ಬಾಗಿದ್ದು ಓದಿನ ತಪ್ಪಲ್ಲ, ಬಿಂಬದ ಸೆಳೆತ ಬೆಳೆದದ್ದು.

ಕೈಕೊಡುವ ಕಡೆಗಳು

ವೋಲ್ಟೇಜ್ ಬದಲಿಸದೆಯೇ ಓರೆ ಇಳಿಯುತ್ತಾ ಹೋದರೆ ಚಾರ್ಜ್ ಸೋರುತ್ತಿದೆ. ಎಳೆಗೆ ಹೇರ್ ಡ್ರೈಯರಿನ ಬಿಸಿಗಾಳಿ ಹಿಡಿಯಿರಿ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಸಾಕು ಸೋರಲು. ಒಂದು ಸರಣಿ ಓದು ಮುಗಿದ ಮೇಲೆ ಮತ್ತೆ 2 ಕಿಲೋವೋಲ್ಟ್‌ಗೆ ಬಂದು, ಮೊದಲಿನಷ್ಟೇ ಸರಿಯುತ್ತದೆಯೇ ನೋಡಿ.

ಪ್ಲೇಟ್‌ಗಳ ಅಂತರ ಹೆಚ್ಚಿಸಿ ನೋಡುವವರು ಒಂದು ಭೇದ ಗಮನಿಸಿ. ಸಪ್ಲೈ ಜೋಡಿಸಿಯೇ ಇದ್ದರೆ ಕ್ಷೇತ್ರ ಇಳಿಯುತ್ತದೆ, ಓರೆಯೂ ಇಳಿಯುತ್ತದೆ. ತಂತಿ ಬಿಡಿಸಿ ಸರಿಸಿದರೆ ಪ್ಲೇಟಿನ ಚಾರ್ಜ್ ಹಾಗೇ ಉಳಿದು, ಓರೆ ಬದಲಾಗಬಾರದು. ಆದರೆ ಈ ಪ್ಲೇಟ್‌ಗಳ ಧಾರಕತೆ ಸುಮಾರು 8 ಪಿಕೋಫ್ಯಾರಡ್ ಮಾತ್ರ, ಕೇಬಲಿನದು ಅದಕ್ಕಿಂತ ಹೆಚ್ಚಿರಬಹುದು. ಸಪ್ಲೈಯ ಕಡೆ ಬಿಡಿಸಿ ಕೇಬಲನ್ನು ಪ್ಲೇಟಿನಲ್ಲೇ ಬಿಟ್ಟರೆ ಪ್ರಯೋಗ ಕೆಡುತ್ತದೆ. ಅಕ್ರಿಲಿಕ್ ಕಡ್ಡಿಯಿಂದ ಪ್ಲೇಟಿನ ಬಳಿಯೇ ಬಿಡಿಸಿ.

ಮುಗಿದಾಗ ಗುಬುಟನ್ನು ಸೊನ್ನೆಗೆ ತಿರುಗಿಸಿ, ಸಪ್ಲೈ ಆರಿಸಿ, ಅರ್ಥ್‌ಗೆ ಸೇರಿಸಿದ ತಂತಿಯನ್ನು ಎರಡೂ ಪ್ಲೇಟಿಗೆ ಮುಟ್ಟಿಸಿದ ಮೇಲೆಯೇ ಕೈ ಹಾಕಿ.