ಆಹಾರ ನೆರವು ಪಡೆಯುವವರಿಗೆ ಕಾಲೇಜಿನಲ್ಲಿ ಕೆಲಸದ ತರಬೇತಿ: ನನ್ನ ಅನುಭವ

ನಾನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ (ಹೆಚ್ಚಾಗಿ ಎರಡು ವರ್ಷದೊಳಗಿನ ಕೋರ್ಸುಗಳಿರುವ ಸರ್ಕಾರಿ ಕಾಲೇಜು) ಕೆಲಸ ಮಾಡುತ್ತೇನೆ. ಪಾಠ ಮಾಡುವುದಿಲ್ಲ. ಸರ್ಕಾರದ ಆಹಾರ ನೆರವು ಪಡೆಯುತ್ತಿರುವವರನ್ನು ಕೆಲಸ ಕಲಿಸುವ ಕೋರ್ಸಿಗೆ ಸೇರಿಸಿ, ಅವರು ಅದನ್ನು ಮುಗಿಸಿ ಒಂದು ಕೆಲಸ ಹಿಡಿಯುವ ತನಕ ಬೆನ್ನಿಗಿರುವುದು ನನ್ನ ಕೆಲಸ. ಸಿಯಾಟಲ್ ಕಡೆ ನಮ್ಮ ಕನ್ನಡದವರು ಹೆಚ್ಚಿನವರು ಸಾಫ್ಟ್‌ವೇರ್‌ನಲ್ಲಿ ಇದ್ದಾರೆ. ಇಂಥದ್ದೊಂದು ಯೋಜನೆ ಇದೆ ಅನ್ನುವುದೇ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದಕ್ಕೇ ನಾನು ಇದನ್ನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಮೊದಲು ಕಾರ್ಡಿನ ವಿಷಯ. ಇಲ್ಲಿನ ಆಹಾರ ನೆರವಿಗೆ ಸ್ನ್ಯಾಪ್ ಅಂತ ಹೆಸರು. ಹಳಬರು ಈಗಲೂ ಫುಡ್ ಸ್ಟ್ಯಾಂಪ್ ಅನ್ನುತ್ತಾರೆ, ನಮ್ಮ ರಾಜ್ಯದಲ್ಲಿ ಅದನ್ನು ಬೇಸಿಕ್ ಫುಡ್ ಅಂತ ಕರೆಯುತ್ತಾರೆ. ನಮ್ಮ ಊರಿನ ಹಾಗೆ ನ್ಯಾಯಬೆಲೆ ಅಂಗಡಿ, ಕ್ಯೂ, ತೂಕ ಏನೂ ಇಲ್ಲ. ತಿಂಗಳಿಗೊಮ್ಮೆ ಇಬಿಟಿ ಕಾರ್ಡಿಗೆ ಹಣ ಬೀಳುತ್ತದೆ, ಹೆಚ್ಚಿನ ದಿನಸಿ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಾಲು, ತರಕಾರಿ ತರಬಹುದು. ಸೋಪು, ಡೈಪರ್, ಬಿಸಿ ಬಿಸಿ ಸಿದ್ಧ ಊಟ ಇವೆಲ್ಲ ಆ ಕಾರ್ಡಿಗೆ ಸಿಗುವುದಿಲ್ಲ.

ಈ ನೆರವಿನ ಜೊತೆಗೆ ಕೆಲಸದ ತರಬೇತಿಯೂ ಇರಬೇಕು ಅಂತ ಕಾನೂನು ಆಗಿದ್ದು 1985ರಲ್ಲಿ. ವಾಷಿಂಗ್ಟನ್‌ನಲ್ಲಿ ಅದರ ಹೆಸರು ಬಿಫೆಟ್, ಅಂದರೆ ಬೇಸಿಕ್ ಫುಡ್ ಪಡೆಯುವವರ ಉದ್ಯೋಗ ಮತ್ತು ತರಬೇತಿ ಯೋಜನೆ. 2005ರಲ್ಲಿ ಸಿಯಾಟಲ್ ಕಡೆ ಸಣ್ಣದಾಗಿ ಶುರುವಾಯಿತು, ಈಗ ರಾಜ್ಯದ 34 ಸಮುದಾಯ ಮತ್ತು ತಾಂತ್ರಿಕ ಕಾಲೇಜುಗಳಲ್ಲೂ ಇದೆ. ನರ್ಸಿಂಗ್ ಅಸಿಸ್ಟೆಂಟ್, ವೆಲ್ಡಿಂಗ್, ಆಟೋ ರಿಪೇರಿ, ಲೆಕ್ಕಪತ್ರ, ಚಿಕ್ಕ ಮಕ್ಕಳ ಶಿಕ್ಷಣ, ಹೀಗೆ ಬೇಗ ಕೆಲಸ ಸಿಗುವ ಕೋರ್ಸುಗಳು.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥ ಆಗುತ್ತದೆ. ಕಾಲೇಜು ತನ್ನ ಕೈಯಿಂದ, ಅಂದರೆ ಕೇಂದ್ರ ಸರ್ಕಾರದ್ದಲ್ಲದ ಹಣದಿಂದ, ಈ ವಿದ್ಯಾರ್ಥಿಗಳ ಮೇಲೆ 100 ಡಾಲರ್ ಖರ್ಚು ಮಾಡಿದರೆ ಕೇಂದ್ರದ ಕೃಷಿ ಇಲಾಖೆಯಿಂದ 50 ಡಾಲರ್ ವಾಪಸ್ ಬರುತ್ತದೆ. ಮೊದಲು ಖರ್ಚು, ಆಮೇಲೆ ಬಿಲ್ಲು. ಫೈಲಿನಲ್ಲಿ ರಸೀದಿ ಇಲ್ಲದಿದ್ದರೆ ಆ 50 ಡಾಲರ್ ಇಲ್ಲ. ಹಾಗಾಗಿ ನಾನು ಪೆಟ್ರೋಲ್ ಕಾರ್ಡ್ ಕೊಟ್ಟರೂ ಸಹಿ, ಬಸ್ ಪಾಸ್ ಕೊಟ್ಟರೂ ಸಹಿ, ಇವತ್ತು ಏನು ಮಾತಾಡಿದೆವು ಅನ್ನುವುದಕ್ಕೂ ರಾಜ್ಯದ ಕಂಪ್ಯೂಟರಿನಲ್ಲಿ ಒಂದು ಟಿಪ್ಪಣಿ. ಇದು ಬೇಸರದ ಕೆಲಸ ಅಂತ ನನಗೆ ಯಾವತ್ತೂ ಅನಿಸಿಲ್ಲ, ಯಾಕೆಂದರೆ ವಾಪಸ್ ಬಂದ ಆ ಹಣದಲ್ಲೇ ಮುಂದಿನ ಕ್ವಾರ್ಟರ್‌ನ (ಸುಮಾರು ಮೂರು ತಿಂಗಳ ಕಾಲೇಜಿನ ಅವಧಿ) ಇನ್ನೊಬ್ಬರ ಪುಸ್ತಕ ಬರುತ್ತದೆ.

ನನ್ನ ಹತ್ತಿರ ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ 'ಯಾವ ಕೋರ್ಸ್ ಬೇಕು' ಅಂತಲ್ಲ. 'ಕಾಲೇಜಿಗೆ ಆಗಲೇ ಹೆಸರು ಹಚ್ಚಿದ್ದೀರಾ' ಅಂತ. ಯಾಕೆ ಅಂತ ಹೇಳುತ್ತೇನೆ. 18ರಿಂದ 49 ವರ್ಷದವರು ಅರ್ಧ ಹೊತ್ತು ಅಥವಾ ಅದಕ್ಕಿಂತ ಜಾಸ್ತಿ ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ಅವರಿಗೆ ಆಹಾರ ನೆರವು ಸಿಗುವುದಿಲ್ಲ. ವಾರಕ್ಕೆ 20 ಗಂಟೆ ದುಡಿಯುತ್ತಿದ್ದರೆ, ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ, ಹೀಗೆ ಕೆಲವು ವಿನಾಯಿತಿಗಳಿವೆ. ಅದರಲ್ಲಿ ಒಂದು ವಿನಾಯಿತಿ ನಮ್ಮ ಯೋಜನೆಯ ಮೂಲಕ ಕಾಲೇಜಿಗೆ ಬಂದವರಿಗೆ. ಅಂದರೆ ಒಬ್ಬ ಹುಡುಗ ಹೋಟೆಲಿನಲ್ಲಿ ವಾರಕ್ಕೆ ಹದಿನೈದು ಗಂಟೆ ಪಾತ್ರೆ ತೊಳೆಯುತ್ತಿದ್ದಾನೆ, ವೆಲ್ಡಿಂಗ್ ಕಲಿಯಬೇಕು ಅಂತ ಆಸೆಪಟ್ಟು ತಾನೇ ಆನ್‌ಲೈನಿನಲ್ಲಿ ಸೇರಿಕೊಳ್ಳುತ್ತಾನೆ, ಆಗ ಓದಲು ಹೊರಟಿದ್ದಕ್ಕೇ ಅವನ ಊಟದ ಕಾರ್ಡ್ ನಿಂತುಹೋಗಬಹುದು. ಅದೇ ಹುಡುಗ ಮೊದಲು ನಮ್ಮಲ್ಲಿಗೆ ಬಂದು, ಅರ್ಹತೆ ನೋಡಿಸಿಕೊಂಡು, ಉದ್ಯೋಗದ ಯೋಜನೆ ಬರೆಸಿ, ಆಮೇಲೆ ಕ್ಲಾಸಿಗೆ ಸೇರಿದರೆ ಕಾರ್ಡ್ ಉಳಿಯುತ್ತದೆ. ಹುಡುಗ ಅವನೇ, ಕಾಲೇಜು ಅದೇ, ಕ್ಲಾಸೂ ಅದೇ. ವ್ಯತ್ಯಾಸ ಬರೀ ಯಾವುದು ಮೊದಲು ಅನ್ನುವುದರಲ್ಲಿ. ಮೊದಲೇ ಸೇರಿಬಿಟ್ಟವರನ್ನೂ ನಾವು ವಾಪಸ್ ಕಳಿಸುವುದಿಲ್ಲ, ತಕ್ಷಣ ಯೋಜನೆಗೆ ಸೇರಿಸಿ, ನೆರವಿನ ಕಚೇರಿಗೆ ಅದು ತಿಳಿಯುವ ಹಾಗೆ ನೋಡಿಕೊಳ್ಳುತ್ತೇವೆ. ಆದರೆ ನಡುವೆ ಒಂದು ತಿಂಗಳು ಊಟ ತಪ್ಪಿದರೂ ಅದು ತಪ್ಪಿದ್ದೇ ಅಲ್ವಾ?

ಆಮೇಲೆ ಫೀಸು. ನಾವು ಕಟ್ಟುವುದು ಕೊನೆಯಲ್ಲಿ. ಮೊದಲು ಎಲ್ಲರಿಂದಲೂ ಕೇಂದ್ರದ ಪೆಲ್ ಗ್ರಾಂಟ್, ರಾಜ್ಯದ ವಾಷಿಂಗ್ಟನ್ ಕಾಲೇಜ್ ಗ್ರಾಂಟ್ (ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ, ವಾಪಸ್ ಕಟ್ಟಬೇಕಿಲ್ಲದ ಹಣ) ಎರಡಕ್ಕೂ ಅರ್ಜಿ ಹಾಕಿಸುತ್ತೇನೆ. ಅರ್ಜಿ ತುಂಬುವಾಗ ಪಕ್ಕದಲ್ಲೇ ಕೂತಿರುತ್ತೇನೆ. 'ಈ ಗ್ರಾಂಟ್ ಬಂದರೆ ಊಟದ ದುಡ್ಡು ಕಡಿಮೆ ಆಗುತ್ತಾ' ಅಂತ ಬಹಳ ಜನ ಕೇಳುತ್ತಾರೆ. ಇಲ್ಲ, ಪೆಲ್ ಗ್ರಾಂಟನ್ನು ಆದಾಯ ಅಂತ ಲೆಕ್ಕ ಹಿಡಿಯುವುದಿಲ್ಲ. ಬಡವರಿಗೆ ಇಲ್ಲಿ ಫೀಸು ಹೇಗೋ ಹೊಂದುತ್ತದೆ. ಜನ ಕೋರ್ಸ್ ಬಿಡುವುದು ಫೀಸಿನ ಸುತ್ತ ಇರುವ ಖರ್ಚುಗಳಿಂದ, ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಒಬ್ಬರ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗುರುತು ಸಿಗದ ಹಾಗೆ. ನಮ್ಮ ಕನ್ನಡದ ಹೆಣ್ಣುಮಗಳೇ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ದಾಟಿತ್ತು, ಗಂಡನಿಂದ ದೂರವಾಗಿ ಮಗನ ಜೊತೆ ಇದ್ದರು. (ಇಲ್ಲಿ ಓದುವವರಿಗೆ ಒಂದು ಮಾತು: ಎಚ್-1ಬಿ, ಎಚ್-4 ವೀಸಾದಲ್ಲಿ ಇರುವವರಿಗೆ ಈ ನೆರವು ಇಲ್ಲ. ಗ್ರೀನ್ ಕಾರ್ಡ್ ಇರುವ ದೊಡ್ಡವರೂ ಕೇಂದ್ರದ ಈ ನೆರವಿಗೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು.) ಮೊದಲ ದಿನ ಬಾಗಿಲು ಹಾಕಿಕೊಂಡು ಕೂತರು. ಕನ್ನಡದಲ್ಲಿ ಮಾತು ಶುರು ಮಾಡಿದೆ, ಕಣ್ಣಲ್ಲಿ ನೀರು ಬಂತು.

"ಅಕ್ಕಾ, ಈ ಕಾರ್ಡ್ ವಿಷಯ ಊರಲ್ಲಿ ಗೊತ್ತಾದ್ರೆ ನಮ್ಮಪ್ಪ ತಲೆ ಎತ್ತಿ ಓಡಾಡಲ್ಲ" ಅಂದರು.

"ನೋಡಮ್ಮ, ನಿಮ್ಮ ಫೈಲು ಈ ಕೋಣೆ ಬಿಟ್ಟು ಊರಿಗೆ ಹೋಗಲ್ಲ. ನೀವು ಇಷ್ಟು ದಿನ ಕಟ್ಟಿದ ತೆರಿಗೆಯಲ್ಲಿ ಇದೂ ಇದೆ. ಈಗ ಹೇಳಿ, ಯಾವ ಕೆಲಸ ಇಷ್ಟ?"

ನರ್ಸಿಂಗ್ ಅಸಿಸ್ಟೆಂಟ್ ಆಗಬೇಕು ಅಂದರು. ಊರಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿಯನ್ನು ನೋಡಿಕೊಂಡ ಅಭ್ಯಾಸ ಇತ್ತು. ಒಂದು ಕ್ವಾರ್ಟರ್‌ನ ಕೋರ್ಸ್, ಕೆಲಸ ಗ್ಯಾರಂಟಿ ಅನ್ನುವಷ್ಟು ಬೇಡಿಕೆ ಇದೆ. ಕಾಗದದ ಮೇಲೆ ಎಲ್ಲ ಸುಲಭ. ಆದರೆ ಕ್ಲಾಸಿಗೆ ಏನೇನು ಬೇಕು ಅನ್ನುವ ಪಟ್ಟಿ ತೆಗೆದು ನೋಡಿ: ಕ್ಷಯದ ಪರೀಕ್ಷೆ, ಪೊಲೀಸ್ ದಾಖಲೆ ಪರಿಶೀಲನೆ, ಎರಡು ಜೊತೆ ಸಮವಸ್ತ್ರ, ಜಾರದ ಶೂ, ಕೊನೆಗೆ ಸೆಕೆಂಡ್ ಮುಳ್ಳಿರುವ ಗಡಿಯಾರ. ಗಡಿಯಾರ ಯಾಕೆ ಅಂದರೆ ರೋಗಿಯ ನಾಡಿ, ಉಸಿರು ಎಣಿಸಬೇಕು, ಅಲ್ಲಿ ಮೊಬೈಲ್ ತೆಗೆಯುವ ಹಾಗಿಲ್ಲ. ಒಂದೊಂದೂ ಚಿಕ್ಕ ಖರ್ಚು. ಎಲ್ಲ ಸೇರಿ ಮೊದಲ ವಾರವೇ ಬೇಕು, ಅದೂ ಬಾಡಿಗೆ ಕಟ್ಟುವ ವಾರ. ಇದನ್ನೆಲ್ಲ ನಮ್ಮ ಯೋಜನೆಯಿಂದ ಕೊಡಿಸಬಹುದು, ತರಬೇತಿಗೆ ಅಗತ್ಯ ಅನ್ನುವುದು ಫೈಲಿನಲ್ಲಿ ಕಾಣಬೇಕು ಅಷ್ಟೇ. ಗಡಿಯಾರ ಕೈಗೆ ಕಟ್ಟಿಕೊಂಡವರೇ ನನ್ನ ಮಣಿಕಟ್ಟು ಹಿಡಿದು, ತುಟಿ ಅಲ್ಲಾಡಿಸುತ್ತಾ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿದರು. "ಎಪ್ಪತ್ತಾರು, ಸರಿಯಾಗಿದೆಯಾ ಅಕ್ಕಾ?"

ಕಷ್ಟ ಬಂದಿದ್ದು ಆಮೇಲೆ. ವೃದ್ಧಾಶ್ರಮದಲ್ಲಿ ಪ್ರಾಯೋಗಿಕ ತರಬೇತಿ ಬೆಳಗ್ಗೆ ಆರೂವರೆಗೆ ಶುರು. ಆ ಹೊತ್ತಿಗೆ ಅಲ್ಲಿಗೆ ಮುಟ್ಟಿಸುವ ಬಸ್ ಇಲ್ಲ. ಮಗನ ಶಾಲೆ ತೆರೆಯುವುದು ಅದಾಗಿ ಎಷ್ಟೋ ಹೊತ್ತಾದ ಮೇಲೆ. ಬಸ್ ಪಾಸ್ ಕೊಟ್ಟು ಏನು ಪ್ರಯೋಜನ? ಅದೇ ಕ್ಲಾಸಿನಲ್ಲಿ ಕಾರಿದ್ದ ಇನ್ನೊಬ್ಬ ಹೆಣ್ಣುಮಗಳು ಇದ್ದರು, ಸೊಮಾಲಿಯಾ ಕಡೆಯವರು, ನಮ್ಮ ಯೋಜನೆಯಲ್ಲೇ ಇದ್ದರು. ಇಬ್ಬರನ್ನೂ ಕೂರಿಸಿ ಮಾತಾಡಿಸಿದೆ. ಅವರಿಗೆ ಪೆಟ್ರೋಲ್ ಕಾರ್ಡ್, ಇವರಿಗೆ ಸೀಟು. ಮಗನಿಗೆ ಮನೆಯಲ್ಲೇ ಡೇಕೇರ್ ನಡೆಸುವ, ಐದೂವರೆಗೇ ಬಾಗಿಲು ತೆಗೆಯುವ ಒಬ್ಬರು ಸಿಕ್ಕರು. ಅದರ ಖರ್ಚಿಗೆ ರಾಜ್ಯದ ಶಿಶುಪಾಲನಾ ನೆರವಿಗೆ ಅರ್ಜಿ ಹಾಕಿಸಿದೆವು. ಆ ಮೂರು ಕೆಲಸದಲ್ಲಿ ಒಂದು ಆಗದಿದ್ದರೂ ಅವರು ಕೋರ್ಸ್ ಬಿಡುತ್ತಿದ್ದರು. ಆಗ ಓದಿನಲ್ಲಿ ಹಿಂದೆ ಬಿದ್ದರು ಅಂತ ಎಲ್ಲರೂ ಹೇಳುತ್ತಿದ್ದರು.

ಇಂಗ್ಲಿಷ್ ಕಷ್ಟ ಇರುವವರಿಗೆ ಐ-ಬೆಸ್ಟ್ ಅನ್ನುವ ಕ್ಲಾಸುಗಳಿವೆ. 2004ರಲ್ಲಿ ವಾಷಿಂಗ್ಟನ್‌ನಲ್ಲೇ ಹುಟ್ಟಿದ್ದು. ಒಂದೇ ಕೋಣೆಯಲ್ಲಿ ಇಬ್ಬರು ಮೇಷ್ಟ್ರು: ಒಬ್ಬರು ಕಸುಬು ಕಲಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಬೇಕಾದ ಇಂಗ್ಲಿಷು, ಲೆಕ್ಕ ಕಲಿಸುತ್ತಾರೆ. ಎರಡು ವರ್ಷ ಬರೀ ಇಂಗ್ಲಿಷ್ ಕಲಿತು ಆಮೇಲೆ ಕಸುಬಿಗೆ ಬಾ ಅಂತ ಕಾಯಿಸುವುದಿಲ್ಲ. ನಮ್ಮ ರಾಜ್ಯ ಮಾಡಿರುವ ಒಳ್ಳೆ ಕೆಲಸಗಳಲ್ಲಿ ಇದು ಮೇಲಿನದು ಅಂತ ನನ್ನ ಅಭಿಪ್ರಾಯ. ನಮ್ಮಲ್ಲೂ ಐಟಿಐಗಳಲ್ಲಿ ಇಂಗ್ಲಿಷ್ ಮ್ಯಾನ್ಯುಯಲ್ ನೋಡಿ ಹೆದರುವ ಹಳ್ಳಿ ಹುಡುಗರಿಗೆ ಹೀಗೆ ಪಕ್ಕದಲ್ಲೊಬ್ಬರು ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಇನ್ನು ಸಮಯದ ನಿಯಮ. ಈಗ ಕಚೇರಿಗೆ ಬರುವವರಲ್ಲಿ ಹೆದರಿಕೊಂಡು ಬರುವವರು ಜಾಸ್ತಿ. ದುಡಿಯುವ ಶಕ್ತಿ ಇದೆ, ಚಿಕ್ಕ ಮಕ್ಕಳಿಲ್ಲ ಅನ್ನುವವರಿಗೆ ತಿಂಗಳಿಗೆ 80 ಗಂಟೆ ಕೆಲಸ ಅಥವಾ ತರಬೇತಿ ಇಲ್ಲದಿದ್ದರೆ ಮೂರು ವರ್ಷದಲ್ಲಿ ಮೂರೇ ತಿಂಗಳು ನೆರವು. ಮೊದಲು ಇದು 49 ವರ್ಷದವರೆಗೆ ಇತ್ತು, ಆಮೇಲೆ 54 ಆಯಿತು. 2025ರ ಜುಲೈನಲ್ಲಿ ಸಹಿಯಾದ ಕಾನೂನಿನಲ್ಲಿ 64 ಆಯಿತು. ಮಕ್ಕಳಿಗೆ 14 ತುಂಬಿದರೆ ಅಪ್ಪ ಅಮ್ಮನಿಗೂ ಈಗ ಇದೇ ನಿಯಮ. ಅರವತ್ತು ದಾಟಿದ, ಬೆನ್ನು ನೋವಿರುವ ಮನುಷ್ಯನಿಗೆ ಗಂಟೆ ಲೆಕ್ಕ ತೋರಿಸಿದರೆ ಮಾತ್ರ ಊಟ ಅನ್ನುವುದು ನನಗೆ ಒಪ್ಪಿಗೆ ಇಲ್ಲ, ಅದನ್ನು ಮುಚ್ಚಿಟ್ಟು ಮಾತಾಡುವುದಿಲ್ಲ. ಆದರೆ ನಿಯಮ ಇರುವವರೆಗೆ ನಮ್ಮ ಕ್ಲಾಸಿನ ಗಂಟೆ ಅವರಿಗೆ ಲೆಕ್ಕಕ್ಕೆ ಬರುವ ಹಾಗೆ ನೋಡಿಕೊಳ್ಳುತ್ತೇನೆ. ದೇಹದ ತೊಂದರೆ ಇದ್ದವರಿಗೆ ಡಾಕ್ಟರ ಪತ್ರ ತಂದರೆ ವಿನಾಯಿತಿ ಕೇಳಬಹುದು ಅಂತ ಮೊದಲೇ ಹೇಳುತ್ತೇನೆ. ಇಷ್ಟವಿಲ್ಲದವರನ್ನು ಸುಮ್ನೆ ಕ್ಲಾಸಿನಲ್ಲಿ ಕೂರಿಸಿ ಯಾರಿಗೂ ಉಪಯೋಗ ಇಲ್ಲ.

ಕೋರ್ಸ್ ಮುಗಿದ ಮೇಲೆ ಬರುವ ಭಯ ಬೇರೆ. 'ಸಂಬಳ ಬಂದರೆ ಕಾರ್ಡ್ ಹೋಗುತ್ತೆ, ಅದಕ್ಕಿಂತ ಹೀಗೇ ಇರೋಣ' ಅನ್ನುತ್ತಾರೆ. ಆಗ ಪೇಪರ್ ತೆಗೆದು ಲೆಕ್ಕ ಹಾಕಿ ತೋರಿಸುತ್ತೇನೆ. ದುಡಿದ ಹಣದಲ್ಲಿ ಐದನೇ ಒಂದು ಭಾಗ ಬಿಟ್ಟು ಉಳಿದದ್ದನ್ನು ಮಾತ್ರ ಲೆಕ್ಕ ಹಿಡಿಯುತ್ತಾರೆ. ಸಂಬಳ ಒಂದು ಡಾಲರ್ ಏರಿದರೆ ನೆರವು ಹೆಚ್ಚಿನವರಿಗೆ 24ರಿಂದ 36 ಸೆಂಟ್ ಇಳಿಯುತ್ತದೆ. ಉಳಿದದ್ದು ಕೈಗೆ. ಒಂದು ಮಿತಿ ದಾಟಿದ ಮೇಲೆ ಕಾರ್ಡ್ ಪೂರ್ತಿ ನಿಲ್ಲುತ್ತದೆ, ಅದನ್ನೂ ಮೊದಲೇ ಹೇಳುತ್ತೇನೆ, ಆ ತಿಂಗಳು ಯಾವುದು ಅಂತ ಇಬ್ಬರೂ ಕೂತು ಗುರುತು ಹಾಕುತ್ತೇವೆ. ಕೆಲಸ ಸಿಕ್ಕ ಮೇಲೂ 90 ದಿನದವರೆಗೆ ನಾವು ಸಹಾಯ ಮಾಡಬಹುದು. ಮೊದಲ ಸಂಬಳ ಕೈಗೆ ಬರುವ ತನಕ ಬಸ್ಸಿಗೆ, ಪೆಟ್ರೋಲಿಗೆ, ಇನ್ನೊಂದು ಜೊತೆ ಸಮವಸ್ತ್ರಕ್ಕೆ. ಈ ಸೌಲಭ್ಯ ಇದೆ ಅಂತ ಗೊತ್ತಿಲ್ಲದೆ ಎಷ್ಟೋ ಜನ ಕೆಲಸ ಸಿಕ್ಕ ದಿನವೇ ನಮ್ಮ ಕೈ ಬಿಟ್ಟು ಹೋಗುತ್ತಾರೆ. ಹಾಗಾಗಿ ಕೆಲಸದ ಪತ್ರ ತಂದು ತೋರಿಸಿದ ದಿನವೇ ಮುಂದಿನ ಭೇಟಿಯ ದಿನಾಂಕ ಬರೆದುಕೊಡುತ್ತೇನೆ.

ಅಮೆರಿಕದಲ್ಲಿ ನಿಮಗೆ ಗೊತ್ತಿರುವವರು ಯಾರಾದರೂ ಇಂಥ ಪರಿಸ್ಥಿತಿಯಲ್ಲಿದ್ದರೆ ಇಷ್ಟು ಹೇಳಿ: ಕ್ಲಾಸಿಗೆ ಹೆಸರು ಹಚ್ಚುವ ಮೊದಲು ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೋಗಿ, ಸ್ನ್ಯಾಪ್ ಪಡೆಯುವವರಿಗೆ ತರಬೇತಿ ಇದೆಯಾ ಅಂತ ಕೇಳಲಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ. ವಾಷಿಂಗ್ಟನ್‌ನಲ್ಲಾದರೆ ಬಿಫೆಟ್ ಅಂದರೆ ಸಾಕು. ಹೋಗುವಾಗ ಗುರುತಿನ ಚೀಟಿ, ನೆರವಿನ ಕಚೇರಿಯಿಂದ ಬಂದ ಕೊನೆಯ ಪತ್ರ ಎರಡೂ ಕೈಯಲ್ಲಿರಲಿ. ಕ್ವಾರ್ಟರ್ ಶುರುವಾಗುವ ಒಂದು ತಿಂಗಳು ಮೊದಲೇ ಹೋಗಲಿ, ಕೊನೆಯ ವಾರದಲ್ಲಿ ನಮ್ಮ ಬಾಗಿಲ ಮುಂದೆ ಕಾಯುವವರು ತುಂಬಾ ಇರುತ್ತಾರೆ.