ಎಲೆಕ್ಟ್ರಿಕ್ ಗಿಟಾರಿಗೆ ಮನೆಯಲ್ಲೇ ಅರಗಿನ ಪಾಲಿಶ್

ಎಲೆಕ್ಟ್ರಿಕ್ ಗಿಟಾರ್ ಅಥವಾ ಬೇಸ್ ಗಿಟಾರಿನ ಬಾಡಿಯನ್ನು ಸ್ವತಃ ಕತ್ತರಿಸಿಕೊಂಡವರು ಲೇಪನದ ವಿಷಯ ಬಂದಾಗ ಸಾಮಾನ್ಯವಾಗಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ, ಬೇಗ ಆರುವ ಮೆರುಗಿನ ಲೇಪನದ ಕಡೆಗೆ ಒಲಿಯುತ್ತಾರೆ. ಹಳೆಯ ಅಮೆರಿಕನ್ ಗಿಟಾರುಗಳ ಆ ಹೊಳಪು ಆಕರ್ಷಕವೇ ಹೌದು. ಆದರೆ ಅದಕ್ಕೆ ಕಂಪ್ರೆಸರ್, ಸ್ಪ್ರೇ ಗನ್ ಮತ್ತು ಗಾಳಿಯಾಡುವ ಪ್ರತ್ಯೇಕ ಜಾಗ ಬೇಕು. ಅದರ ಆವಿ ಆರೋಗ್ಯಕ್ಕೂ ಕೆಟ್ಟದ್ದು. ಮನೆಯ ಮಟ್ಟಿಗೆ ಅರಗಿನ ಪಾಲಿಶ್ ಉತ್ತಮ ಎಂಬುದು ನನ್ನ ಅಭಿಪ್ರಾಯ. ಚನ್ನಪಟ್ಟಣದ ಗೊಂಬೆಗಳಿಗೆ ಮೆರುಗು ಕೊಡುವುದೂ ಅರಗೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅದು ಕರಗಿ ಹಿಡಿಯುತ್ತದೆ. ಗಿಟಾರಿನ ಬಾಡಿಯನ್ನು ಹಾಗೆ ತಿರುಗಿಸಲಾಗದ ಕಾರಣ ಅರಗನ್ನು ಆಲ್ಕೋಹಾಲಿನಲ್ಲಿ, ಅಂದರೆ ಪಾಲಿಶ್‌ಗೆ ಬಳಸುವ ಸ್ಪಿರಿಟ್‌ನಲ್ಲಿ ಕರಗಿಸಿಕೊಳ್ಳಬೇಕು.

ಪಾಲಿಶ್ ಆದ ಮೇಲೆ ಕೊರೆದರೆ ತೂತಿನ ಅಂಚು ಸಿಡಿಯುವುದರಿಂದ ಎಲ್ಲ ತೂತುಗಳನ್ನೂ ಮೊದಲೇ ಕೊರೆದಿಡಿ. ಬ್ರಿಡ್ಜಿನ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಭಾಗದ) ಜಾಗವನ್ನು ಮತ್ತೊಮ್ಮೆ ಅಳೆಯಿರಿ: 648 ಮಿ.ಮೀ. ಸ್ಕೇಲಿನ (ತಂತಿಯ ಮಿಡಿಯುವ ಉದ್ದದ) ಗಿಟಾರಿನಲ್ಲಿ 12ನೇ ಫ್ರೆಟ್ಟಿನಿಂದ (ಕತ್ತಿನ ಮೇಲಿನ ಲೋಹದ ಪಟ್ಟಿ) ಬ್ರಿಡ್ಜಿನಲ್ಲಿ ತಂತಿ ಕೂರುವ ಸ್ಯಾಡಲ್‌ಗೆ 324 ಮಿ.ಮೀ., 864 ಮಿ.ಮೀ. ಸ್ಕೇಲಿನ ಬೇಸಿನಲ್ಲಿ 432 ಮಿ.ಮೀ. ಇರಬೇಕು, ದಪ್ಪ ತಂತಿಗಳ ಸ್ಯಾಡಲ್ ಇನ್ನಷ್ಟು ಹಿಂದಕ್ಕೆ ಸರಿಯಲು ಅವಕಾಶವಿರಲಿ. ನೆಕ್ (ಗಿಟಾರಿನ ಕತ್ತು) ಕೂರುವ ಗುಂಡಿಗೆ ಪಾಲಿಶ್ ತಾಗದಂತೆ ಟೇಪ್ ಅಂಟಿಸಿ.

ಶ್ರಮವೆಲ್ಲ ಇರುವುದು ಉಜ್ಜುವುದರಲ್ಲಿ. 120, 180, 220 ನಂಬರಿನ ಮರಳುಕಾಗದಗಳಿಂದ ಕ್ರಮವಾಗಿ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ, ಅನಂತರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಆಗ ಮೇಲೇಳುವ ಎಳೆಗಳನ್ನು 320ರ ಕಾಗದದಿಂದ ಹಗುರವಾಗಿ ತೆಗೆಯಬೇಕು. ಈ ಹಂತದಲ್ಲಿ ಉಳಿದ ಗೀರು ಹೊಳಪು ಬಂದಂತೆಲ್ಲ ಇನ್ನಷ್ಟು ಎದ್ದು ಕಾಣುತ್ತದೆ. ಮಹಾಗನಿಯಂಥ ರಂಧ್ರಗಳ ಮರವಾದರೆ ಗ್ರೇನ್ ಫಿಲ್ಲರ್ (ರಂಧ್ರ ಮುಚ್ಚುವ ಲೇಪ) ತುಂಬಿಸಿ. ಮರದ ಧೂಳು, ಅದರಲ್ಲೂ ಬೀಟೆಯದು, ಅಲರ್ಜಿ ತರಬಲ್ಲದು. ಮಾಸ್ಕ್ ಇಲ್ಲದೆ ಉಜ್ಜಬೇಡಿ.

ಅರ್ಧ ಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ಬಿಟ್ಟು, ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ತಿಂಗಳುಗಟ್ಟಲೆ ಇಟ್ಟ ದ್ರಾವಣ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು. ಗಾಜಿನ ಮೇಲೆ ಒಂದು ಹನಿ ಒಣಗಿಸಿ ನೋಡಿದರೆ ತಿಳಿಯುತ್ತದೆ. ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿಯ ಉಂಡೆ ಕಟ್ಟಿ, ಅದಕ್ಕೆ ದ್ರಾವಣ ಉಣಿಸಿ, ಮರದ ಮೇಲೆ ಎಲ್ಲೂ ನಿಲ್ಲಿಸದೆ ಒಂದಂಚಿನಿಂದ ಇನ್ನೊಂದಂಚಿಗೆ ಎಳೆಯಿರಿ. ನಿಲ್ಲಿಸಿದರೆ ಕೆಳಗಿನ ಪದರ ಕರಗಿ ಕಿತ್ತುಬರುತ್ತದೆ. ಪದರಗಳು ಹೆಚ್ಚಿದಂತೆ ಉಂಡೆ ಹಿಡಿದೆಳೆಯತೊಡಗಿದರೆ ಅದಕ್ಕೆ ಒಂದು ಹನಿ ಎಣ್ಣೆ ಸವರಿ. ಜಿಟಿಜಿಟಿ ಮಳೆಯ ದಿನ ಈ ಕೆಲಸ ಬೇಡ. ಸ್ಪಿರಿಟ್ ಆರುವಾಗ ಗಾಳಿಯ ತೇವ ಸೇರಿ ಲೇಪನ ಬೆಳ್ಳಗಾಗುತ್ತದೆ. ಹತ್ತಿರದಲ್ಲಿ ಒಲೆ, ದೀಪ ಇರಕೂಡದು.

ಕೈಬೆವರು ಸದಾ ತಾಗುವ ನೆಕ್ಕಿನ ಹಿಂಬದಿಗೆ ಅರಗು ಹೊಂದುವುದಿಲ್ಲ, ಅಲ್ಲಿಗೆ ಟಂಗ್ ಎಣ್ಣೆ (ಟಂಗ್ ಮರದ ಬೀಜದ, ಒಣಗಿ ಗಟ್ಟಿಯಾಗುವ ಎಣ್ಣೆ) ವಾಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಹರಡಿ ಒಣಗಿಸಿ. ಬೀಟೆಯ ಫ್ರೆಟ್‌ಬೋರ್ಡಿಗೆ ಪಾಲಿಶ್ ಬೇಕಿಲ್ಲ.

ಬಾಡಿಯನ್ನು ಎರಡು ಮೂರು ವಾರ ತೂಗುಹಾಕಿ, ಲೇಪನ ಗಟ್ಟಿಯಾದ ಮೇಲೆಯೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಬ್ರಿಡ್ಜ್ ಜೋಡಿಸಿ. ಸ್ಯಾನಿಟೈಸರ್ ಹಚ್ಚಿದ ಕೈ ತಾಗಿದರೆ ಅರಗಿನ ಮೇಲೆ ಕಲೆಯಾಗುತ್ತದೆ. ಆದರೆ ಅಷ್ಟು ಭಾಗಕ್ಕೇ ಮತ್ತೆ ಉಂಡೆಯಾಡಿಸಿದರೆ ಹೊಸ ಪದರ ಹಳೆಯದರಲ್ಲಿ ಕರಗಿ ಬೆರೆಯುತ್ತದೆ. ಪಾಲಿಯುರೆಥೇನ್ ಲೇಪನದಲ್ಲಿ ಈ ಅನುಕೂಲವಿಲ್ಲ.