ಶಬ್ದ ಕೇಳಿಸಿ ಒಳಕಿವಿಯ ಸಮತೋಲನವನ್ನು ಪರೀಕ್ಷಿಸುವ ಕ್ರಮ

ಒಳಕಿವಿಯಲ್ಲಿರುವ ಸ್ಯಾಕ್ಯೂಲ್ ಎಂಬ ಪುಟ್ಟ ಚೀಲದ ಕೆಲಸ ಗುರುತ್ವವನ್ನೂ ನೇರ ಚಲನೆಯನ್ನೂ ಗ್ರಹಿಸುವುದಾದರೂ, ಜೋರಾದ ಶಬ್ದಕ್ಕೆ ಅದೂ ಕೆರಳುತ್ತದೆ. ಆಗ ಹೊರಡುವ ಸಂದೇಶವು ಸಮತೋಲನದ ಸಂದೇಶ ಒಯ್ಯುವ ಕೆಳ ವೆಸ್ಟಿಬ್ಯುಲರ್ ನರದ ಮೂಲಕ ಮಿದುಳುಕಾಂಡವನ್ನು ತಲುಪಿ, ಅದೇ ಬದಿಯ ಕತ್ತಿನ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಸ್ನಾಯುವಿನ ಬಿಗಿತವನ್ನು ಕ್ಷಣಮಾತ್ರ ತಡೆಯುತ್ತದೆ. ಸಂಶೋಧಕರಾದ ಕೋಲ್‌ಬ್ಯಾಚ್ ಮತ್ತು ಹಲ್ಮಾಗಿ 1992ರಲ್ಲಿ ವಿವರಿಸಿದ ಈ ಪ್ರತಿಕ್ರಿಯೆಯನ್ನು ವಿದ್ಯುತ್ ಅಲೆಯಾಗಿ ದಾಖಲಿಸುವ ವಿಧಾನವೇ ಕತ್ತಿನ ವೆಂಪ್ (ವೆಸ್ಟಿಬ್ಯುಲರ್ ಇವೋಕ್ಡ್ ಮಯೋಜೆನಿಕ್ ಪೊಟೆನ್ಶಿಯಲ್) ಪರೀಕ್ಷೆ. ಇದು ಶ್ರವಣದ ಪರೀಕ್ಷೆಯಲ್ಲ. ಶ್ರವಣದ ಅಂಗವಾದ ಕಾಕ್ಲಿಯಾ ಪೂರ್ತಿ ಹಾಳಾಗಿ ಏನೂ ಕೇಳಿಸದವರಲ್ಲಿಯೂ ಸ್ಯಾಕ್ಯೂಲ್ ಚೆನ್ನಾಗಿದ್ದರೆ ಅಲೆ ಮೂಡುತ್ತದೆ.

ಮೊದಲು ಕಿವಿಯೊಳಗೆ ನೋಡಿ, ಟಿಂಪನೋಮೆಟ್ರಿ (ಕಿವಿತಮಟೆ ಮತ್ತು ನಡುಕಿವಿಯ ಚಲನೆಯ ಪರೀಕ್ಷೆ) ಮಾಡಿಕೊಳ್ಳಬೇಕು. ನಡುಕಿವಿಯಲ್ಲಿ ಅಲ್ಪ ತೊಂದರೆಯಿದ್ದರೂ ಶಬ್ದದ ಬಲ ಒಳಗೆ ತಲುಪದೆ ಅಲೆ ಮಾಯವಾಗಬಹುದು. ಅಂಥವರಿಗೆ ಮೂಳೆಯ ಮೂಲಕ ಕಂಪನ ಕೊಡುವುದೇ ಸರಿ. ಕತ್ತು ನೋವು, ಕಿವಿಮೊರೆತ, ಶಬ್ದ ಸಹಿಸಲಾಗದಿರುವಿಕೆ ಇವೆಯೇ ಎಂದು ತಪ್ಪದೆ ಕೇಳಬೇಕು.

ಮುಖ್ಯ ಎಲೆಕ್ಟ್ರೋಡನ್ನು ಸ್ನಾಯುವಿನ ನಡುಭಾಗದ ಮೇಲೆ, ಹೋಲಿಕೆಯದನ್ನು ಎದೆಮೂಳೆಯ ಮೇಲ್ತುದಿಯಲ್ಲಿ, ಗ್ರೌಂಡನ್ನು ಹಣೆಯ ಮೇಲೆ ಅಂಟಿಸಬೇಕು. ಇನ್ನು ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಸ್ನಾಯುವಿನ ಬಿಗಿತ. ನಾವು ಅಳೆಯುವುದು ಬಿಗಿತಕ್ಕೆ ಬೀಳುವ ತಡೆಯನ್ನಾದ್ದರಿಂದ, ಸಡಿಲವಾದ ಸ್ನಾಯುವಿನಿಂದ ಏನೂ ದೊರೆಯದು. ಬಿಗಿತ ಹೆಚ್ಚಿದಷ್ಟೂ ಅಲೆಯ ಎತ್ತರ ಹೆಚ್ಚುತ್ತದೆ. ಅಂಗಾತ ಮಲಗಿ ತಲೆಯನ್ನು ಸ್ವಲ್ಪ ಎತ್ತಿ, ಶಬ್ದ ಕೇಳಿಸುವ ಕಿವಿಯ ವಿರುದ್ಧ ದಿಕ್ಕಿಗೆ ಮುಖ ತಿರುಗಿಸಿ ಹಿಡಿಯುವಂತೆ ಹೇಳಬೇಕು. ಎರಡೂ ಬದಿಯ ಬಿಗಿತ ಸಮನಾಗಿರುವಂತೆ ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ) ಮಟ್ಟವನ್ನು ಪರದೆಯಲ್ಲಿ ನೋಡುತ್ತಿರಬೇಕು. ದಾಖಲೆಗಳ ನಡುವೆ ತಲೆಯಿಳಿಸಿ ವಿಶ್ರಾಂತಿ ಕೊಡಬೇಕು. ನನ್ನ ಅಭಿಪ್ರಾಯದಲ್ಲಿ, ಬಿಗಿತವನ್ನು ಗಮನಿಸದೆ ಬರೆದ ‘ಅಲೆ ಇಲ್ಲ’ ಎಂಬ ವರದಿಗೆ ಬೆಲೆಯಿಲ್ಲ.

500 ಹರ್ಟ್ಜ್‌ನ ಟೋನ್ ಬರ್ಸ್ಟ್ (ಕ್ಷಣಮಾತ್ರದ ಸ್ವರ) ಅನ್ನು ಸುಮಾರು 95 ಡೆಸಿಬೆಲ್ ಎನ್‌ಎಚ್‌ಎಲ್ (ಸಾಮಾನ್ಯ ಶ್ರವಣದವರ ಕೇಳುವ ಮಿತಿಯಿಂದ ಎಣಿಸುವ ಅಳತೆ) ಮಟ್ಟದಲ್ಲಿ, ಸೆಕೆಂಡಿಗೆ 5ರಂತೆ, 100ರಿಂದ 200 ಬಾರಿ ಕೊಟ್ಟು ಸರಾಸರಿ ತೆಗೆಯುವುದು ವಾಡಿಕೆ. ಅಲೆ ನಿಜವೆಂದು ಖಚಿತಪಡಿಸಿಕೊಳ್ಳಲು ಒಮ್ಮೆಯಾದರೂ ಪುನರಾವರ್ತಿಸಬೇಕು. ಆದರೆ ಈ ಶಬ್ದ ಕಿವಿಗೆ ಹಾನಿ ಮಾಡಬಲ್ಲಷ್ಟು ಜೋರಾದುದರಿಂದ, ಅಗತ್ಯಕ್ಕಿಂತ ಒಂದು ಸುತ್ತೂ ಹೆಚ್ಚಾಗಬಾರದು. ಮಕ್ಕಳ ಕಿವಿನಾಳ ಚಿಕ್ಕದಾದ್ದರಿಂದ ಅದೇ ಮಟ್ಟ ಅವರಿಗೆ ಇನ್ನಷ್ಟು ಜೋರಾಗುತ್ತದೆ. ಅವರಿಗೆ ಮಟ್ಟವನ್ನು ತಗ್ಗಿಸಲೇಬೇಕು.

ಶಬ್ದ ಆರಂಭವಾದ ಸುಮಾರು 13 ಮಿಲಿಸೆಕೆಂಡಿಗೆ ಅಲೆಯ ಧನ ಶೃಂಗ, 23ಕ್ಕೆ ಋಣ ಶೃಂಗ ಕಾಣುತ್ತವೆ. ಎರಡು ಬದಿಯ ಎತ್ತರಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿದರೆ ಅಸಮತೆಯ ಪ್ರಮಾಣ ಸಿಗುತ್ತದೆ. ಅದರ ಮಿತಿಯನ್ನು ಪ್ರತಿಯೊಂದು ಪ್ರಯೋಗಾಲಯವೂ ತನ್ನದೇ ಉಪಕರಣದಲ್ಲಿ, ಆರೋಗ್ಯವಂತರ ಮೇಲೆ ಕಂಡುಕೊಳ್ಳಬೇಕು. 60 ವರ್ಷ ದಾಟಿದವರಲ್ಲಿ ಎರಡೂ ಬದಿ ಅಲೆ ಕುಗ್ಗಿರುವುದು ಅಥವಾ ಕಾಣದಿರುವುದು ತಾನಾಗಿ ರೋಗವಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ತೀರ ಕಡಿಮೆ ಶಬ್ದಕ್ಕೇ ಅಲೆ ಮೂಡಿದರೆ ಒಳಕಿವಿಯ ಮೇಲಿನ ಅರ್ಧವೃತ್ತ ನಾಳದ ಮೂಳೆಯಲ್ಲಿ ತೆರಪು ಬಿದ್ದಿರುವ ಶಂಕೆಯಿಂದ ಸಿಟಿ ಸ್ಕ್ಯಾನ್‌ಗೆ ಸೂಚಿಸಬೇಕು.

ಒಳಕಿವಿಯ ಇನ್ನೊಂದು ಚೀಲವಾದ ಯೂಟ್ರಿಕಲ್ ಮತ್ತು ಮೇಲಿನ ವೆಸ್ಟಿಬ್ಯುಲರ್ ನರದ ಸ್ಥಿತಿ ತಿಳಿಯಬೇಕಾದರೆ, ರೋಗಿಯು ದೃಷ್ಟಿಯನ್ನು ಮೇಲಕ್ಕೆ ನೆಟ್ಟಿರುವಾಗ ಶಬ್ದ ಕೇಳಿಸುವ ಕಿವಿಯ ವಿರುದ್ಧ ಬದಿಯ ಕಣ್ಣಿನ ಕೆಳಗಿನಿಂದ ದಾಖಲಿಸುವ ಕಣ್ಣಿನ ವೆಂಪ್ ಅನ್ನು ಪ್ರತ್ಯೇಕವಾಗಿ ಮಾಡಬೇಕು.